ಕೊನೆಯ ದಿನಾಂಕದ ಮೇಲೊಂದು ಶಾಲು

ಕೋಡಿಂಗ್ ಬೇಡವಂತೆ, ಫೋಟೊ, ಅಕ್ಷರ ಎಳೆದು ತಂದು ಬಿಟ್ಟರೆ ಸಾಕಂತೆ, ವೆಬ್‌ಪೇಜ್ ತಯಾರಂತೆ! ಇದನ್ನು ಕೇಳಿದ ದಿನವೇ ನಮ್ಮ ಸಪ್ತಾಪುರದ ಕಾಲೇಜಿನ ಪ್ರಿನ್ಸಿಪಾಲ್ ಸಿದ್ದಲಿಂಗಪ್ಪನವರಿಗೆ ಹುರುಪು ಹತ್ತಿತು. ಅತಿಥಿ ಉಪನ್ಯಾಸಕಿಯಾದ ನನ್ನನ್ನು ಆಫೀಸಿನ ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಬೆನ್ನ ಹಿಂದೆ ನಿಂತರು.

“ಸಂಘಮಿತ್ರಾ, ನನಗ ಶಾಲು ಹೊದಿಸಿದ ಫೋಟೊ ಐತಲ್ಲ, ಅದನ್ನ ಮ್ಯಾಲಿಡ್ರಿ. ಇನ್ನೂ ದೊಡ್ಡದು ಮಾಡ್ರಿ. ಕೆಳಗ ಸ್ಟಾಫಿನವ್ರದು ದುಂಡಗ, ಸಣ್ಣ ಸಣ್ಣ ಫೋಟೊ.”

ಇದು ವೆಬ್‌ಸೈಟೋ, ಹುಟ್ಟುಹಬ್ಬದ ಫ್ಲೆಕ್ಸೋ? ನಲವತ್ತೊಂದು ಮುಖಗಳ ಕೆಳಗೆ, ಪಾತಾಳದಲ್ಲಿ, ಒಂದು ಸಾಲು ಬಿದ್ದಿತ್ತು: ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಹದಿನೈದು.

“ಸರ್, ಅದನ್ನ ಮ್ಯಾಲ ತರೋಣ್ರಿ. ಹುಡುಗರಿಗೆ ಕಾಣಂಗಿಲ್ಲ.”

“ಬೇಕಾದವ್ರು ಹುಡುಕ್ಕೋತಾರ, ಬಿಡ್ರಿ.”

ಹನ್ನೆರಡನೇ ತಾರೀಖು ಮುಗದ ಹಳ್ಳಿಯಿಂದ ಬರುವ ವಿದ್ಯಾರ್ಥಿನಿ ಭಾಗ್ಯಾಳನ್ನು ಕೇಳಿದೆ, ಅರ್ಜಿ ಹಾಕಿದೆಯಾ ಎಂದು. ಪಾಪ, ಅವಳಿಗೆ ದಿನಾಂಕವೇ ಗೊತ್ತಿಲ್ಲ. ಒಡೆದ ಗಾಜಿನ ಮೊಬೈಲ್ ತೋರಿಸಿದಳು.

“ಪ್ರಿನ್ಸಿಪಾಲ್ ಸರ್ ಫೋಟೊದ ಮಾರಿ ದಾಟೂದ್ರಾಗ ನೆಟ್ ಮುಗದು ಹೋಗ್ತೈತ್ರಿ ಮೇಡಮ್. ಈ ಸಲಾನೂ ಸ್ಕಾಲರ್‌ಶಿಪ್ ತಪ್ಪಿದ್ರ ನಾ ಕಾಲೇಜ್ ಬಿಡಬೇಕ್ರಿ.”

ನನಗೆ ಪಿತ್ತ ನೆತ್ತಿಗೇರಿತು. ಹೋಗಿ ಆ ವೆಬ್‌ಪೇಜ್ ತಯಾರಿಸುವ ಎಡಿಟರ್ ತೆರೆದೆ. ಯಾವ ಫೋಟೊ ಒತ್ತಿದರೂ ಪಕ್ಕದಲ್ಲಿ ಒಂದು ಆಯ್ಕೆ ಬರುತ್ತದೆ: ‘ಮೊಬೈಲಿನಲ್ಲಿ ಮರೆಮಾಡು’. ಪ್ರಿನ್ಸಿಪಾಲರು ವೆಬ್‌ಸೈಟ್ ನೋಡುವುದು ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಮಾತ್ರ. ಹುಡುಗರು ನೋಡುವುದು ಮೊಬೈಲಿನಲ್ಲಿ ಮಾತ್ರ. ನನ್ನ ನೌಕರಿ ನಿಂತಿರುವುದು ಅವರ ಒಂದು ಸಹಿಯ ಮೇಲೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಆದರೂ ಅವರನ್ನೂ, ನಲವತ್ತೊಂದು ಮುಖಗಳನ್ನೂ, ನನ್ನದೂ ಸೇರಿಸಿ, ಮರೆಮಾಡಿಬಿಟ್ಟೆ. ಮೊಬೈಲಿನಲ್ಲಿ ಉಳಿದದ್ದು ದಪ್ಪಕ್ಷರದ ಆ ಒಂದೇ ಸಾಲು.

ಮೂರು ದಿನ ಆಫೀಸಿನ ಮುಂದೆ ಅರ್ಜಿಗಳ ಪಾಳಿ. ಮೊದಲನೆಯದು ಭಾಗ್ಯಾಳದು.

“ನೋಡಿದ್ರ್ಯಾ! ನನ್ನ ಫೋಟೊ ದೊಡ್ಡದು ಮಾಡಿದ್ದಕ್ಕ ಹುಡುಗರು ವೆಬ್‌ಸೈಟ್ ನೋಡಾಕತ್ತಾರ,” ಎಂದು ಸಿದ್ದಲಿಂಗಪ್ಪನವರು ಉಬ್ಬಿದರು. ಆಡಳಿತ ಮಂಡಳಿಯವರು ಅದಕ್ಕೂ ಅವರಿಗೆ ಒಂದು ಶಾಲು ಹೊದಿಸಿದರು. ಆ ಫೋಟೊ ಹಿಡಿದುಕೊಂಡು ಪ್ರಿನ್ಸಿಪಾಲರು ಮರುದಿನವೇ ನನ್ನ ಹತ್ತಿರ ಬಂದರು.

“ಇದನ್ನೂ ಹಾಕ್ರಿ. ಎಲ್ಲಾ ಹುಡುಗರು ನೋಡ್ಲಿ.”

“ಹಾಕ್ತೇನ್ರಿ ಸರ್,” ಎಂದು ಅವರ ಕಣ್ಣೆದುರೇ ಎಳೆದು ಎಲ್ಲಕ್ಕಿಂತ ಮೇಲಿಟ್ಟೆ. ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅದನ್ನೂ ಮೊಬೈಲಿನಲ್ಲಿ ಮರೆಮಾಡಿದೆ.

ಸ್ಕಾಲರ್‌ಶಿಪ್ ಮಂಜೂರಾದ ದಿನ ಭಾಗ್ಯಾ ಪೇಢೆ ತಂದಳು. ಕೊಡುತ್ತ ಮೆಲ್ಲಗೆ ಕೇಳಿದಳು:

“ಮೇಡಮ್, ಪ್ರಿನ್ಸಿಪಾಲ್ ಸರ್ ರಿಟೈರ್ ಆದ್ರೇನ್ರಿ? ವೆಬ್‌ಸೈಟಿನ್ಯಾಗ ಎಲ್ಲೂ ಕಾಣವಲ್ರು!”