ಇಳಿಸಿಕೊಳ್ಳುವವರ ಹೆಸರು

ಮಸ್ಕತ್ತಿನಿಂದ ಊರಿಗೆ ಡಬ್ಬಿ ಕಳಿಸುವವರಿಗೆ ಜೋಸ್ಟನ್ ಎಂದರೆ ತುಸು ಹೆದರಿಕೆ. ಕಾರ್ಗೋ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮನುಷ್ಯ. ಹಾಲಿನ ಪುಡಿ, ಬಾದಾಮಿ, ಕಂಬಳಿ, ಏನು ಬೇಕಾದರೂ ತುಂಬಿ ತನ್ನಿ. ಆದರೆ ಡಬ್ಬಿಯ ಆರೂ ಮೈ ಮೇಲೆ ಊರಲ್ಲಿ ಇಳಿಸಿಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದಿರಬೇಕು. ಇಲ್ಲದಿದ್ದರೆ ತಕ್ಕಡಿಯಿಂದ ಕೆಳಗಿಳಿಸಿಯೇ ಬಿಡುತ್ತಿದ್ದ.

"ತಗೊಳ್ಳುವವರೇ ಇಲ್ಲದಿದ್ರೆ ಕಳಿಸುವುದು ಯಾರಿಗೆ ಮಾರಾಯ್ರೆ?" ಎಂದು ಗದರುತ್ತಿದ್ದ.

ಇಂಥವನ ಮೇಜಿಗೆ ಈ ಸಲ ಬಂದದ್ದು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ಡಬ್ಬಿಯ ಕೆಲಸ. ಒಮಾನಿನ ದಕ್ಷಿಣದ ಸಲಾಲಾ ಕಡೆಯ ಸಂಶೋಧಕ ಜಲಾಲ್ ಮೂರು ವರ್ಷ ಒದ್ದಾಡಿ ಧೂಪದ ಮರದ ಬೀಜಗಳ ಪ್ರಯೋಗವೊಂದನ್ನು ಸಿದ್ಧ ಮಾಡಿದ್ದರು. ಬೀಜಗಳು ಮೇಲೆ ನಲವತ್ತು ದಿನ ಬೆಳೆಯಬೇಕು. ಒಯ್ಯಲು ಎರಡು ಖಾಸಗಿ ಕಂಪನಿಗಳ ನೌಕೆಗಳು ಪೈಪೋಟಿಗೆ ನಿಂತಿದ್ದವು. ಮ್ಯಾನೇಜರ್ ಮಹ್ರೂಫ್, ಉಳ್ಳಾಲದವನು, ಎರಡರ ಕಾಗದಗಳನ್ನೂ ಜೋಸ್ಟನ್ ಮುಂದೆ ಹಾಕಿದ.

"ಯಾವುದು ಒಳ್ಳೆದು ನೋಡಿ ಹೇಳಿ. ಈ ಕೆಲಸ ಸರಿಯಾದ್ರೆ ನಿಮಗೆ ಇನ್ನೆರಡು ವರ್ಷ ಕೇಳ್ತೇನೆ. ಇಲ್ಲದಿದ್ರೆ ಅರವತ್ತಾದವರು ಖಲಾಸ್ ಅಂತ ಹೆಡ್ ಆಫೀಸಿನವರು ಹೇಳಿ ಆಗಿದೆ."

ಆ ಎರಡು ವರ್ಷ ಜೋಸ್ಟನ್‌ಗೆ ಬೇಕೇ ಬೇಕಿತ್ತು. ಹೆಂಡತಿ ಆಲ್ಬಿನಾ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿರಲಿಲ್ಲ. ಮಂಗಳೂರಿನ ಫ್ಲ್ಯಾಟಿಗೆ ಬೀಗ ಬಿದ್ದಿತ್ತು. ಮಸ್ಕತ್ತಿನ ಹೊರವಲಯದ ಅಲ್ ಅಮೇರಾತ್‌ನಲ್ಲಿ ಅವನಿದ್ದ ಕೋಣೆಯಲ್ಲೂ ಮಾತಾಡಲು ಯಾರಿಲ್ಲ, ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಬಂದರೆ 'ಜೋಸ್ಟನ್ ಭಾಯಿ' ಎಂದು ಕರೆಯುವವರಾದರೂ ಇಲ್ಲಿದ್ದರು. ಅಲ್ಲಿ ಅಷ್ಟೂ ಇರಲಿಲ್ಲ. ಊರೆಂದರೆ ಅವನಿಗೆ ಭಯವಾಗುತ್ತಿತ್ತು.

ಹಾಗಾಗಿ ಮೈಯೆಲ್ಲ ಕಣ್ಣಾಗಿ ಕೂತ. ತೂಕ, ಜಾಗ, ಹೊರಡುವ ದಿನ, ಅದುರುವಿಕೆ, ಒಳಗಿನ ಸೆಕೆ ಎಲ್ಲವನ್ನೂ ಅಳೆದು ತೂಗಿ ಪಟ್ಟಿ ಮಾಡಿದ. ಮೊದಲನೆಯ ನೌಕೆ ದೊಡ್ಡದು, ನಾಲ್ಕು ತಿಂಗಳು ಮುಂಚೆಯೇ ಹೊರಡುತ್ತಿತ್ತು. ಎರಡನೆಯದರಲ್ಲಿ ಜಾಗ ಇಕ್ಕಟ್ಟು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ ಎಂದು ಮೊದಲನೆಯದನ್ನು ಆರಿಸಿದ. ಜಲಾಲ್ ನಂಬಿ ಸಹಿ ಹಾಕಿದರು. ಏನೇ ಬದಲಾಯಿಸುವುದಿದ್ದರೂ ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕಿತ್ತು.

ಆ ಗುರುವಾರ ಹತ್ತು ಗಂಟೆಗೆ ಜಲಾಲ್ ತಾವೇ ಡಬ್ಬಿ ಹಿಡಿದುಕೊಂಡು ಬಂದರು. ಹಸುಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟು, ತಮ್ಮ ಹರಕು ಹಿಂದಿಯಲ್ಲಿ ಹೇಳಿದರು: "ವಾಪಸ್ ಬಂದ ತಕ್ಷಣ ಫೋನ್ ಮಾಡಿ ಜೋಸ್ಟನ್ ಭಾಯಿ. ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಾದರೂ ಸರಿ. ಆ ಬೇರುಗಳನ್ನು ನೋಡಲು ಮೂರು ವರ್ಷದಿಂದ ಕಾಯುತ್ತಿದ್ದೇನೆ."

ಅವರು ಹೋದ ಮೇಲೆ ಜೋಸ್ಟನ್ ತನ್ನ ಪಟ್ಟಿಯನ್ನು ಮತ್ತೆ ತೆಗೆದ. ಅದರಲ್ಲಿ 'ವಾಪಸ್' ಎಂಬ ಕಾಲಮ್ಮೇ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಕಳಿಸಿದ ಒಂದೇ ಒಂದು ಡಬ್ಬಿ ಹಿಂದೆ ಬಂದದ್ದಿಲ್ಲ. ಬರಬೇಕೆಂದು ಯಾರೂ ಕೇಳಿದ್ದೂ ಇಲ್ಲ. ಗಡಿಬಿಡಿಯಿಂದ ಕಾಗದ ತಿರುವಿದ. ಮೊದಲನೆಯ ನೌಕೆ ಸಾಮಾನು ಇಳಿಸಿ, ನಿಲ್ದಾಣದ ಕಸ ತುಂಬಿಕೊಂಡು, ಕೆಳಗೆ ಬರುವ ದಾರಿಯಲ್ಲೇ ಸುಟ್ಟು ಬೂದಿಯಾಗುತ್ತದೆ. ಪ್ಯಾರಾಚೂಟಿನಲ್ಲಿ ಸಮುದ್ರಕ್ಕಿಳಿದು ಸಾಮಾನು ಹಿಂದೆ ಕೊಡುವುದು ಎರಡನೆಯದು.

ಮಹ್ರೂಫ್ ಎಲ್ಲ ಕೇಳಿ ತಲೆ ಕೆರೆದುಕೊಂಡ. "ಸಹಿ ಅವರದ್ದು ಉಂಟಲ್ಲ. ಮೇಲೆ ಮುಟ್ಟಿಸುವುದು ನಮ್ಮ ಕೆಲಸ, ಮುಟ್ತದೆ. ಸುಮ್ಮನಿರಿ. ಈಗ ಬದಲಾಯಿಸ್ಬೇಕಾದ್ರೆ ತಪ್ಪು ನಿಮ್ಮದು ಅಂತ ಹೆಡ್ ಆಫೀಸಿಗೆ ಬರೀಬೇಕಾಗ್ತದೆ. ಆಮೇಲೆ ಎಂತ ಆಗ್ತದೆ ಗೊತ್ತುಂಟಲ್ಲ?"

ಗೊತ್ತಿತ್ತು. ಗಡಿಯಾರದಲ್ಲಿ ಹನ್ನೊಂದೂಕಾಲು. ಸುಮ್ಮನಿದ್ದರೆ ಎರಡು ವರ್ಷ ಸಿಗುತ್ತಿತ್ತು. ಸುಳ್ಳು ಹೇಳುವುದೇಕೆ, ಅವನಿಗೆ ಆಸೆಯಾಯಿತು. ಮೇಜಿನ ಮೇಲಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದ. ಯಾರೂ ಹೇಳದೆಯೇ ಜಲಾಲ್ ಅದರ ಆರೂ ಮೈ ಮೇಲೆ ತಮ್ಮ ಹೆಸರು, ಫೋನ್ ನಂಬರ್ ಬರೆದಿದ್ದರು. ಇಳಿಸಿಕೊಳ್ಳಲು ಇಷ್ಟು ಕಾದಿರುವ ಮನುಷ್ಯನನ್ನು ಜೋಸ್ಟನ್ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಬರೀರಿ ಮಹ್ರೂಫ್," ಎಂದ. "ತಪ್ಪು ನಂದೇ. ಎರಡನೆಯದಕ್ಕೆ ಹಾಕಿ."

ಡಬ್ಬಿಗೆ ಎರಡನೆಯ ನೌಕೆಯಲ್ಲಿ ಜಾಗ ಸಿಕ್ಕಿತು. ಮೂರು ವಾರದ ಮೇಲೆ ಹೆಡ್ ಆಫೀಸಿನಿಂದ ಜೋಸ್ಟನ್‌ಗೆ ಎರಡು ಸಾಲಿನ ಪತ್ರ ಬಂತು, ಜೊತೆಗೊಂದು ಊರಿಗೆ ಹೋಗುವ ಫಾರಂ. ಹೆಸರು, ಪಾಸ್‌ಪೋರ್ಟ್ ನಂಬರ್, ಇಳಿಯುವ ವಿಮಾನ ನಿಲ್ದಾಣ ಎಲ್ಲ ದುಂಡಗೆ ತುಂಬಿಸಿ ಮಹ್ರೂಫ್‌ಗೆ ಕೊಟ್ಟ. ಮಹ್ರೂಫ್ ಅದನ್ನು ಹಿಂದಕ್ಕೆ ಸರಿಸಿದ.

"ಕೊನೇದು ಖಾಲಿ ಬಿಟ್ಟಿದ್ದೀರಿ. ಊರಲ್ಲಿ ಕರಕೊಂಡು ಹೋಗುವವರ ಹೆಸರು, ಫೋನ್ ನಂಬರ್. ಅದಿಲ್ಲದೆ ಸಿಸ್ಟಮ್ ತಗೊಳ್ಳುದಿಲ್ಲ."

ಜೋಸ್ಟನ್ ಮತ್ತೆ ಪೆನ್ನು ತೆಗೆದುಕೊಂಡ. ಆಮೇಲೆ ಆ ಜಾಗದಲ್ಲಿ ತನ್ನದೇ ಹೆಸರು ಬರೆದು, ಮಂಗಳೂರಿನ ತನ್ನ ಹಳೆಯ ನಂಬರ್ ಹಾಕಿದ.

ಮಹ್ರೂಫ್ ನೋಡಿದ. ಸೀಲು ಹೊಡೆದ.