ನಡೆದದ್ದಕ್ಕೆ ಸಾಕ್ಷಿ

ಮೂವತ್ತಾರು ಪಟ ತೆಗೆದ ಮೇಲೆ ಕ್ಯಾಮೆರಾದಲ್ಲಿ ಫಿಲ್ಮು ಸರಿಸುವ ಲಿವರ್ ನಿಲ್ಲಬೇಕು. ಫಿಲ್ಮು ಮುಗಿದದ್ದು ಬೆರಳಿಗೇ ಗೊತ್ತಾಗುತ್ತದೆ, ಹೊಳೆದಂಡೆಯಲ್ಲಿ ಕತ್ತೆ ಕಾಲೂರಿ ನಿಂತುಬಿಟ್ಟ ಹಾಗೆ. ನನ್ನದು ನಿಲ್ಲಲಿಲ್ಲ. ಮೂವತ್ತೇಳಾಯಿತು, ಮೂವತ್ತೆಂಟಾಯಿತು. ಎಣಿಕೆಯ ಮುಳ್ಳು ಅಂಕಿಗಳೇ ಇಲ್ಲದ ಜಾಗಕ್ಕೆ ಹೋಯಿತು; ಲಿವರ್ ಮಾತ್ರ ಸಲೀಸಾಗಿ ತಿರುಗುತ್ತಲೇ ಇತ್ತು. ಒಳಗೆ ಫಿಲ್ಮು ಸರಿಯುತ್ತಲೇ ಇಲ್ಲವೇನೋ.

ಅಂಗಳದಲ್ಲಿ ಇದು ಯಾರಿಗೂ ಗೊತ್ತಿಲ್ಲ. ಕಲೀಪಾ ಅಕ್ಕ ಬಂದವರ ಮುಂದೆಲ್ಲ ಬೋರ್ಸೋಕಿನ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಕರಿದ ಹಿಟ್ಟಿನ ವಾಸನೆಗೆ ಅಟ್‌ಬಾಶಿಯ ಅರ್ಧ ಊರೇ ಬಂದಿತ್ತು. ಅವಳ ಅತ್ತೆ ಸೈರಾ, ಕತ್ತರಿಸಿ ಬಿದ್ದಿದ್ದ ಕಪ್ಪು ಬಿಳಿ ಉಣ್ಣೆದಾರವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅಳುತ್ತಾ ನಗುತ್ತಾ ಇದ್ದಳು. ದಾರ ಕತ್ತರಿಸಿಕೊಂಡವನು, ಅಂದರೆ ಅಕ್ಕನ ಮಗ ಎರ್ಮೆಕ್, ಕಂಬಳಿಯ ಮೇಲೆ ಗಟ್ಟಿಯಾಗಿ ಕೂತು, ಇನ್ನು ಏಳುವ ಮಾತೇ ಇಲ್ಲವೆಂಬಂತೆ ಒಣದ್ರಾಕ್ಷಿ ತಿನ್ನುತ್ತಿದ್ದ.

ನಮ್ಮಲ್ಲಿ ಮಗು ನಡೆಯಲು ಶುರುಮಾಡುವಾಗ ಅದರ ಎರಡು ಕಾಲಿಗೂ ಸೇರಿಸಿ ದಾರ ಕಟ್ಟುತ್ತೇವೆ. ಹುಡುಗಿಯರು ದೂರದಿಂದ ಓಡಿ ಬರುತ್ತಾರೆ. ಮೊದಲು ಮುಟ್ಟಿದವಳು ಚಾಕುವಿನಿಂದ ದಾರ ಕತ್ತರಿಸಿ, ಮಗುವನ್ನು ಕೈಹಿಡಿದು ನಡೆಸುತ್ತಾಳೆ. ಸಾಮಾನ್ಯವಾಗಿ ಒಂದು ವರ್ಷಕ್ಕೆ ಮುಗಿಯುವ ಶಾಸ್ತ್ರ ಇದು. ಎರ್ಮೆಕ್‌ಗೆ ಎರಡು ದಾಟಿ ಮೂರು ತಿಂಗಳು. ಯಾರಾದರೂ ಹಿಡಿಯದೆ ಅವನು ನಿಂತದ್ದನ್ನೇ ನಾವು ಕಂಡಿರಲಿಲ್ಲ. ಚಳಿಗಾಲದೊಳಗೆ ತಾನಾಗಿ ನಡೆಯದಿದ್ದರೆ ಎರಡೂ ಕಾಲಿಗೆ ಆರು ತಿಂಗಳು ಪ್ಲಾಸ್ಟರ್ ಹಾಕುತ್ತೇವೆಂದು ರಾಜಧಾನಿಯ ಡಾಕ್ಟರ್ ಹೇಳಿದ್ದರು. ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತುಮಾಡಿ ಆಗಿತ್ತು. ವಸಂತದವರೆಗೆ ಕಾಯೋಣ ಎಂದು ಅಕ್ಕ; ಕಾದದ್ದು ಸಾಕು ಎಂದು ತೆಮಿರ್‌ಕುಲ್ ಭಾವ. ಅವನು ಲಾರಿ ಓಡಿಸುವವನು, ವಾರದಲ್ಲಿ ಆರು ದಿನ ಕಣಿವೆಯ ರಸ್ತೆಯಲ್ಲಿ. ಹೋದ ವಾರ ಹೊರಡುವಾಗ ಒಂದೇ ಮಾತು ಹೇಳಿದ್ದ: ಮಗ ಹಿಡಿಯದೆ ನಾಲ್ಕು ಹೆಜ್ಜೆ ಇಟ್ಟದ್ದನ್ನು ತೋರಿಸಿ, ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ.

ಇವತ್ತು ಮಗ ನಡೆದ. ನಾಲ್ಕಲ್ಲ, ಐದು ಹೆಜ್ಜೆ. ದಾರ ಕತ್ತರಿಸಿದ ಹುಡುಗಿ ಗೆದ್ದ ಖುಷಿಯಲ್ಲಿ ಅವನ ಕೈಯನ್ನೇ ಬಿಟ್ಟಳು. ಅವನು ನಡೆದು, ಆರನೆಯದಕ್ಕೆ ಕುಕ್ಕರಿಸಿದ. ಆಮೇಲೆ ಯಾರು ಎಷ್ಟು ರಮಿಸಿದರೂ ಏಳಲಿಲ್ಲ. ಭಾವ ಬರುವುದು ಸಂಜೆಗೆ.

ಹೇಳಿದರೆ ನಂಬುತ್ತಾನೆಯೇ? ಅಕ್ಕ ತಾಯಿ, ಅವಳ ಮಾತು ಲೆಕ್ಕಕ್ಕಿಲ್ಲ. ಸೈರಾ ಯಾವ ಪ್ರಶ್ನೆಗಾದರೂ ಹೌದೆನ್ನುವವಳು. ಇನ್ನು ನಾನು, ಸಾಗಿನ್. ರೀಲು ಬಿಡುವವನೆಂದು ಊರಿಗೇ ಗೊತ್ತಿರುವವನು. ನನ್ನ ಹತ್ತಿರ ಎರಡು ತರದ ರೀಲು ಇವೆಯಂತೆ, ಕ್ಯಾಮೆರಾಕ್ಕೆ ಹಾಕುವುದು ಮತ್ತು ಬಾಯಿಂದ ಬಿಡುವುದು; ಮೊದಲನೆಯದನ್ನು ಮಾತ್ರ ನಂಬುವುದು ಎಂದು ಭಾವ ಮದುವೆಯ ದಿನವೇ ಎಲ್ಲರ ಮುಂದೆ ಹೇಳಿದ್ದ. ಈಗ ಆ ಮೊದಲನೆಯದೇ ಕೈ ಕೊಟ್ಟಿದ್ದರೆ, ನಡೆದದ್ದು ನಡೆದೇ ಇಲ್ಲ ಎಂದಾಗುತ್ತದೆ.

ಫಿಲ್ಮಿನ ತುದಿಯನ್ನು ನಾವು ನಾಲಿಗೆ ಎನ್ನುತ್ತೇವೆ. ಆ ನಾಲಿಗೆಯನ್ನು ಎದುರಿನ ಸುರುಳಿಯ ಸೀಳಿಗೆ ತೂರಿಸಿ, ಎರಡು ಸುತ್ತು ಸುತ್ತಿ, ಕಚ್ಚಿಕೊಂಡಿತೆಂದು ನೋಡಿ ಮುಚ್ಚಳ ಹಾಕಬೇಕು. ಬೆಳಿಗ್ಗೆ ಹುಡುಗಿಯರು ಆಗಲೇ ಹುಲ್ಲುಮೆದೆಯ ಹತ್ತಿರ ಸಾಲುಗಟ್ಟಿದ್ದರು, ಅಕ್ಕ ಕೂಗುತ್ತಿದ್ದಳು. ನಾನು ತೂರಿಸಿದೆ, ಮುಚ್ಚಿದೆ. ನೋಡಿದೆನೇ? ನೋಡಿದ ನೆನಪಿಲ್ಲ. ಫಿಲ್ಮು ಸರಿಯುತ್ತಿದ್ದರೆ ಎಡಬದಿಯ ಗುಬುಟು ತಿರುಗಿ ಸುಳಿವು ಕೊಡುತ್ತದೆ; ನಾನು ಹಿಮದ ಮೇಲೆ ಜಾರಿಬಿದ್ದ ವರ್ಷದಿಂದ ಅದು ಮುರಿದು ಕೂತಿದೆ. ಮುಚ್ಚಳ ತೆಗೆದು ನೋಡೋಣವೆಂದರೆ, ಒಳಗೆ ಪಟಗಳಿದ್ದರೆ ಬೆಳಕು ಬಿದ್ದು ಆ ಕ್ಷಣವೇ ಸುಟ್ಟುಹೋಗುತ್ತವೆ. ನೋಡದಿದ್ದರೆ ಗೊತ್ತಾಗದು, ನೋಡಿದರೆ ಉಳಿಯದು.

ಅಕ್ಕ ತಟ್ಟೆ ಹಿಡಿದು ಹತ್ತಿರ ಬಂದಳು.

“ಚೆನ್ನಾಗಿ ಬಂದಿದೆಯೇನೋ?”

“ತೊಳೀದೆ ಹೇಗೆ ಗೊತ್ತಾಗುತ್ತೆ ಅಕ್ಕ.”

“ಹಾಗಾದ್ರೆ ಹೋಗಿ ತೊಳಿ. ಇಲ್ಲಿ ನಿಂತು ಏನು ಬೆವರ್ತಾ ಇದೀಯ?”

ನಮ್ಮ ಊರಲ್ಲಿ ಫಿಲ್ಮು ತೊಳೆಯುವುದು ಶಾಲೆಯ ಕತ್ತಲೆಕೋಣೆಯಲ್ಲಿ, ಭೌತಶಾಸ್ತ್ರದ ಮೇಷ್ಟ್ರ ಕೈಕೆಳಗೆ. ಅವರ ಹೆಸರು ಜೋರೋ, ದನಿ ಮಾತ್ರ ಒಂದಿಷ್ಟೂ ಜೋರಿಲ್ಲ. ಮೂಗಿನೊಳಗೇ ಪಾಠ ಶುರುವಾಗಿ ಮೂಗಿನೊಳಗೇ ಮುಗಿಯುತ್ತದೆ. ಫಿಲ್ಮು ಬರುವುದು ದೊಡ್ಡ ಸುರುಳಿಯಲ್ಲಿ. ಅದನ್ನು ಕತ್ತಲಲ್ಲಿ ಕೈಯಗಲಿಸಿ ಮಾರು ಅಳೆದು, ಕತ್ತರಿಸಿ, ಡಬ್ಬಿಗಳಿಗೆ ತುಂಬಿಸುತ್ತಾರೆ. ಒಂದು ಮಾರಿಗೆ ಮೂವತ್ತಾರು ಪಟ. ಮೇಷ್ಟ್ರು ಫಿಲ್ಮು ಮಾರುವವರಲ್ಲ, ಮಾರು ಹಾಕುವವರು. ಅವರು ಹದ್ದಿನಂತೆ ರೆಕ್ಕೆ ಚಾಚುವ ಆಳು. ಅವರ ಸಹಾಯಕಿ ಬಾತ್ಮಾ ಗುಬ್ಬಿ. ಅವಳು ತುಂಬಿಸಿದ್ದರಲ್ಲಿ ಮೂವತ್ಮೂರು ಬಂದರೆ ಪುಣ್ಯ, ಇವರದ್ದರಲ್ಲಿ ನಲವತ್ತರವರೆಗೂ ಬರುವುದುಂಟು. ನನ್ನ ಆಸೆಯೆಲ್ಲ ಈಗ ಮೇಷ್ಟ್ರ ತೋಳಿನ ಉದ್ದದ ಮೇಲೆ ನಿಂತಿತ್ತು. ದಾರಿಯುದ್ದಕ್ಕೂ ಇನ್ನೊಮ್ಮೆ ಲಿವರ್ ಎಳೆದು ನೋಡೋಣ, ಈಗ ನಿಲ್ಲಬಹುದು ಎಂದುಕೊಳ್ಳುತ್ತಾ, ಎಳೆಯುತ್ತಾ ಹೋದೆ.

“ಈ ಡಬ್ಬಿ ತುಂಬಿಸಿದ್ದು ನೀವೋ ಬಾತ್ಮಾನೋ ಮೇಷ್ಟ್ರೇ?”

“ಯಾಕೆ, ಕಮ್ಮಿ ಬಂತಾ?”

“ಜಾಸ್ತಿ ಬರ್ತಾ ಇದೆ.”

ಅವರು ಚಹಾದ ಬಟ್ಟಲು ಕೆಳಗಿಟ್ಟರು. “ಎಷ್ಟು?”

“ನಲವತ್ತೇಳು.”

ಮೇಷ್ಟ್ರು ತಮ್ಮ ತೋಳನ್ನೇ ಒಮ್ಮೆ ನೋಡಿಕೊಂಡರು. “ನಾನು ಅಷ್ಟು ಉದ್ದ ಇಲ್ಲ ಕಣಯ್ಯ.”

ಆದರೂ ಗೂಟಕ್ಕೆ ನೇತುಹಾಕಿದ್ದ ಕುರಿಚರ್ಮದ ಕೋಟು ಇಳಿಸಿ ಕೊಟ್ಟರು. ಕೋಣೆಯ ಬಾಗಿಲಿನ ಚಿಲಕ ಮಕ್ಕಳ ಪಾಲಾಗಿತ್ತು, ಹಾಗಾಗಿ ಕೋಟೇ ನಮಗೆ ಕತ್ತಲೆಕೋಣೆ. ಕ್ಯಾಮೆರಾವನ್ನು ಅದರೊಳಗೆ ಮಡಚಿಟ್ಟು, ತೋಳುಗಳ ತುದಿಯಿಂದ ಕೈ ತೂರಿಸಿದೆ. ಮುಚ್ಚಳ ತೆಗೆಯಲು ಬೆರಳು ಒಪ್ಪಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು.

ತೆಗೆದೆ. ಸುರುಳಿಯ ಮೇಲೆ ಫಿಲ್ಮಿನ ದಪ್ಪ ಸುತ್ತು ಸಿಗಬೇಕಾದಲ್ಲಿ ತಣ್ಣನೆಯ ಬೋಳು ಲೋಹ ಸಿಕ್ಕಿತು. ಇನ್ನೊಂದು ಬದಿಯಲ್ಲಿ, ಡಬ್ಬಿಯ ಬಾಯಿಂದ ಒಂದಿಷ್ಟೇ ಹೊರಬಂದು ಸುರುಟಿಕೊಂಡಿತ್ತು ನಾಲಿಗೆ. ಬೆಳಗಿನಿಂದ ಅದು ನನ್ನನ್ನು ಅಣಕಿಸುತ್ತಾ ಅಲ್ಲೇ ಇತ್ತು.

“ಏನಯ್ಯ?”

“ನಾಲಿಗೆ ಹೊರಗೇ ಇದೆ ಮೇಷ್ಟ್ರೇ.”

“ಹಾಗಾದ್ರೆ ಬೆಳಕಿಗೆ ತಾ. ಹಾಳಾಗೋಕೆ ಅದರಲ್ಲಿ ಏನೂ ಇಲ್ಲ.”

ಭಾವನ ಮಾತು, ಡಾಕ್ಟರ ಮಾತು ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದೆ. ಮತ್ತೆ ದಾರ ಕಟ್ಟಿ ಕತ್ತರಿಸಿದರಾಗದೇ ಎಂದರು ಅವರು. ಬಿಡಿಸಿದ ಕಾಲನ್ನು ಮತ್ತೆ ಕಟ್ಟುವುದುಂಟೇ, ಸೈರಾ ನನ್ನ ಕಾಲು ಕಟ್ಟುತ್ತಾಳೆ ಎಂದೆ. ಆಗ ಮೇಷ್ಟ್ರು ದನಿಯನ್ನು ಇನ್ನಷ್ಟು ಮೂಗಿನೊಳಕ್ಕೆ ಎಳೆದುಕೊಂಡರು.

“ಯಾರಾದ್ರೂ ಹಿಂದಿನಿಂದ ಮಗೂನ ಹಿಡ್ಕೊಳ್ಳಲಿ. ನೀನು ಒಂದು ಪಟ ತೆಗಿ. ಅಚ್ಚು ಹಾಕುವಾಗ ಆ ಕೈ ನಾನು ಮರೆಸ್ತೀನಿ. ನಿಮ್ಮ ಭಾವನಿಗೇನು, ಡಾಕ್ಟರಿಗೂ ಗೊತ್ತಾಗಲ್ಲ.”

ಮಗು ನಡೆದದ್ದು ನಿಜ. ನಿಜಕ್ಕೇ ತಾನೇ ಸುಳ್ಳು ಪಟ ಬೇಕಿರುವುದು, ತಪ್ಪೇನು? ಶಾಲೆಯಿಂದ ಅಕ್ಕನ ಮನೆವರೆಗೆ ಈ ವಾದವನ್ನು ಹೆಗಲ ಮೇಲೆ ಹೊತ್ತು ನಡೆದೆ. ಸೇತುವೆ ದಾಟುವಾಗ ತಪ್ಪೇ ಇಲ್ಲ ಎನಿಸಿತು. ಅಂಗಳದಲ್ಲಿ ಲಾರಿ ನಿಂತಿರುವುದು ಕಂಡಾಗ ವಾದ ಭಾರವಾಯಿತು.

ಭಾವ ಬೂಟು ಕೂಡ ಬಿಚ್ಚದೆ ಒಳಗೆ ಕೂತಿದ್ದ. ಮಗನನ್ನು ಮೊಣಕಾಲ ನಡುವೆ ನಿಲ್ಲಿಸಲು ನೋಡುತ್ತಿದ್ದ; ಎರ್ಮೆಕ್ ಕಾಲು ಮಡಚಿ ನೇತಾಡುತ್ತಿದ್ದ. ಸೈರಾಳ ಪಕ್ಕ ನಿಂತಿದ್ದ ಅಕ್ಕನ ಕಣ್ಣು ಕೆಂಪಾಗಿತ್ತು.

“ಪಟ ಎಲ್ಲಿ?” ಎಂದ ಭಾವ.

ನಾಳೆ ಎನ್ನಬಹುದಿತ್ತು. ಇನ್ನೂ ಒದ್ದೆಯಾಗಿದೆ ಎಂದರೂ ಸಾಕಿತ್ತು.

“ಇಲ್ಲ ಭಾವ. ಫಿಲ್ಮು ಕಚ್ಚಿಕೊಂಡಿರಲಿಲ್ಲ. ಒಂದೂ ಬಂದಿಲ್ಲ. ನನ್ನದೇ ತಪ್ಪು.”

ಅಕ್ಕ ಗೋಡೆಯ ಕಡೆ ತಿರುಗಿದಳು. ಅವಳು ಬೈದಿದ್ದರೆ ಬದುಕುತ್ತಿದ್ದೆ.

ಭಾವ ನಗಲೂ ಇಲ್ಲ, ರೀಲಿನ ಮಾತೂ ಎತ್ತಲಿಲ್ಲ. ಮಗನ ಪಾದವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. “ಇವರಿಬ್ಬರನ್ನೂ ಕೇಳ್ದೆ. ಹಿಮ್ಮಡಿ ಊರಿದನಾ ಅಂದ್ರೆ ಹೌದು ಅಂತಾರೆ. ಬೆರಳ ಮೇಲೆ ನಡೆದನಾ ಅಂದ್ರೆ ಅದಕ್ಕೂ ಹೌದು ಅಂತಾರೆ. ನೀನು ಏನು ಕಂಡೆ?”

ಮೂವತ್ತಾರೇ ಪಟ ಇರುವಾಗ ಕಣ್ಣಿಗೆ ಜಿಪುಣತನ ಬರುತ್ತದೆ. ಒತ್ತುವ ಮೊದಲು ಕಾಯುತ್ತೇವೆ, ಈ ಹೆಜ್ಜೆಯೋ ಮುಂದಿನದೋ ಎಂದು. ಫಿಲ್ಮಿನ ಸುಖ ನನಗೆ ಇರುವುದೇ ಅಲ್ಲಿ, ಒತ್ತುವುದರಲ್ಲಲ್ಲ. ಆ ಐದು ಹೆಜ್ಜೆಯನ್ನು ನಾನು ಹಾಗೆ ಕಾದು ನೋಡಿದ್ದೆ. ಬಾಯಲ್ಲಿ ಹೇಳುವ ಬದಲು ನಡೆದೇ ತೋರಿಸಿದೆ.

ಬಲಗಾಲು ಒಳಕ್ಕೆ ತಿರುಗಿಸಿ ಒಂದು. ಎಡಗೈ ಬಾಲ್ದಿ ಹಿಡಿದಂತೆ ಮೇಲೆತ್ತಿ, ಎಡಗಾಲಿನ ಬೆರಳ ಮೇಲೆ ಎರಡು. ಮೂರನೆಯದರಲ್ಲಿ ಬಲಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ. ನಾಲ್ಕರಲ್ಲಿ ಎಡಗಾಲು ಮತ್ತೆ ಬೆರಳ ಮೇಲೆ, ನಡುಗುತ್ತಾ ನಿಂತು, ಕೊನೆಗೆ ಹಿಮ್ಮಡಿ ಒಮ್ಮೆ ನೆಲ ಮುಟ್ಟಿ ಮತ್ತೆ ಎದ್ದಿತು. ಐದು ಬಲಗಾಲು. ಆಮೇಲೆ ಕುಕ್ಕರಿಸಿದೆ. ಸೈರಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

“ನಾಲ್ಕನೇದು ಇನ್ನೊಂದ್ಸಲ ತೋರಿಸು,” ಎಂದ ಭಾವ.

ತೋರಿಸಿದೆ. ಅವನು ಬಗ್ಗಿ, ಕೆನ್ನೆ ನೆಲಕ್ಕೆ ಸೋಕುವಷ್ಟು ಬಗ್ಗಿ, ನನ್ನ ಎಡ ಹಿಮ್ಮಡಿ ನೋಡಿದ.

“ಎಡಗಾಲೇ ಹೆಚ್ಚು ಬಿಗಿ ಅಂತ ಡಾಕ್ಟರ್ ನನಗೊಬ್ಬನಿಗೇ ಹೇಳಿದ್ದು,” ಎಂದ. “ಆ ಹಿಮ್ಮಡಿ ಒಂದು ಸಲ ತಾನಾಗಿ ನೆಲ ಮುಟ್ಟಿದ್ರೂ ಪ್ಲಾಸ್ಟರ್ ಬೇಡ, ಕಾಯೋಣ ಅಂದಿದ್ರು. ಇವಳಿಗೆ ಹೇಳಿರ್ಲಿಲ್ಲ. ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ.”

ಅಕ್ಕ ತಿರುಗಿ ನೋಡಿದಳು.

“ಸೋಮವಾರ ನೀನೂ ಲಾರಿ ಹತ್ತು,” ಎಂದ ನನಗೆ. “ಅವನು ಅಲ್ಲಿ ನಡೆದ್ರೆ ಸರಿ. ನಡೀದಿದ್ರೆ ಡಾಕ್ಟರ ಮುಂದೆ ನೀನು ನಡಿ. ಹೀಗೇ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.”

ಮರುದಿನ, ಶನಿವಾರ ಬೆಳಿಗ್ಗೆ, ಕೊಟ್ಟಿಗೆಯ ಹಿಂದೆ ಹೋಗಿ ಎರಡು ಸಲ ಅಭ್ಯಾಸ ಮಾಡಿದೆ. ಮೊದಲ ಸಲ ಎಲ್ಲ ಸರಿಯಿತ್ತು. ಎರಡನೆಯ ಸಲ ಎಡ ಹಿಮ್ಮಡಿ ನೆಲದ ಮೇಲೆ ಅರೆಗಳಿಗೆ ಹೆಚ್ಚು ನಿಂತಿತೋ ಏನೋ ಎಂದು ಅನುಮಾನ ಬಂತು. ನಿಂತದ್ದು ಅವನ ಕಾಲೋ, ಅಕ್ಕನ ಮುಖ ನೆನೆದ ನನ್ನ ಕಾಲೋ? ಇನ್ನೂ ನಡೆದರೆ ಕಂಡದ್ದೇ ಕಲಸಿಹೋದೀತೆಂದು ಮೂರನೆಯ ಸಲ ನಡೆಯಲು ಧೈರ್ಯ ಸಾಲಲಿಲ್ಲ. ಅಲ್ಲಿಂದ ಸೋಮವಾರದವರೆಗೆ, ಆದಷ್ಟು ಮಟ್ಟಿಗೆ, ಕೂತೇ ಇದ್ದೆ.