ಕಪ್ಪು ಬಳಿದ ಕೊಂಡಿ

ಎಡ್ಗರ್‌ನ ಹಳೆಯ ಪುಟಾಣಿ ಇಂಜಿನ್ ಗೇಣುದ್ದ ಹೋಗಿ, ಒಮ್ಮೆ ನಡುಗಿ, ನಿಂತೇಬಿಟ್ಟಿತು.

"ನಿನ್ನ ಮುದುಕಿಗೆ ಮಂಡಿನೋವು ಕಣೋ, ಒಂದು ಲೋಟ ಟೀ ಕುಡಿಸು," ಎಂದ ಸಿರಿಲ್. ಚರ್ಚಿನ ಹಾಲ್‌ನಲ್ಲಿ ಸೇರಿದ್ದ ಮಾದರಿ ರೈಲಿನ ಸಂಘದವರೆಲ್ಲ ನಕ್ಕರು. ತಮ್ಮ ರೈಲುಗಳನ್ನು ಯಾರಾದರೂ ಆಟಿಕೆ ಎಂದರೆ ಜಗಳಕ್ಕೇ ಬರುವ ಮಂದಿ ಇವರು.

ಎಡ್ಗರ್ ನಗಲಿಲ್ಲ. ಈ ವರ್ಷ ಅವನಿಗೆ ಮರೆವು ಹೆಚ್ಚಾಗಿತ್ತು. ಮಾಂಸದಂಗಡಿಯಿಂದ ಮನೆಗೆ ಬರುವ ದಾರಿಯೇ ಒಮ್ಮೆ ತಪ್ಪಿತ್ತು. ಇಂಜಿನ್ನಿನ ದೋಷ ಹಿಡಿಯಬಲ್ಲೆನಾದರೆ ತಲೆ ನೆಟ್ಟಗಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದೊಂದೇ ಅವನಿಗೆ ಉಳಿದಿದ್ದ ಧೈರ್ಯ.

ಹಳಿ ಒರೆಸಿದ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಗಾಲಿಗಳ ಮಸಿ ತೆಗೆದ. ಗಾಲಿಗೆ ಒತ್ತಿಕೊಳ್ಳುವ ತಾಮ್ರದ ಪಟ್ಟಿಗಳನ್ನು ಬಗ್ಗಿಸಿ ಸರಿಮಾಡಿದ. ಊಹೂಂ. ಹಳೇ ಕಾಲದ ಮಾಡೆಲ್ ಅದು: ಇಂಜಿನ್ನಿನ ಗಾಲಿ ಒಂದು ಹಳಿಯಿಂದ ಕರೆಂಟು ಎಳೆದರೆ, ಹಿಂದಿನ ಕಲ್ಲಿದ್ದಲ ಬಂಡಿ ಇನ್ನೊಂದು ಹಳಿಯಿಂದ ಎಳೆಯುತ್ತದೆ, ಎರಡನ್ನೂ ಕೂಡಿಸುವುದು ನಡುವಿನ ಲೋಹದ ಕೊಂಡಿ. ಎಡ್ಗರ್ ತುಂಡು ತಂತಿಯೊಂದನ್ನು ಇಂಜಿನ್ನಿಗೂ ಬಂಡಿಗೂ ಮುಟ್ಟಿಸಿದ. ಇಂಜಿನ್ ಸರಕ್ಕನೆ ಮುಂದೆ ಹೋಯಿತು. ಸಿಕ್ಕಿತು, ದೋಷ ಕೊಂಡಿಯಲ್ಲೇ! ಅವನ ಮುಖ ಅರಳಿತು.

ಕೊಂಡಿ ಬಿಚ್ಚಿ ನೋಡಿದರೆ ಅದಕ್ಕೆ ಸುತ್ತಲೂ ಕಪ್ಪು ಬಣ್ಣ. ಮಾದರಿ ನಿಜದಂತೆ ಕಾಣಲೆಂದು ಹೊಳೆಯುವುದಕ್ಕೆಲ್ಲ ಕಪ್ಪು ಬಳಿಯುವ ಚಟ ಈ ಜನಕ್ಕೆ. ಆದರೆ ಬಣ್ಣದ ಮೂಲಕ ಕರೆಂಟು ಹರಿಯುತ್ತದೆಯೇ?

ಎಡ್ಗರ್‌ನ ಪಿತ್ತ ನೆತ್ತಿಗೇರಿತು. ಕಳೆದ ತಿಂಗಳು ಇಂಜಿನ್ ಒಯ್ದಿದ್ದವನು ಸಿರಿಲ್.

"ನಿನ್ನ ತಲೇಲಿ ಏನಿದೆಯೋ? ಕೊಂಡಿಗೆ ಯಾರಾದ್ರೂ ಬಣ್ಣ ಬಳೀತಾರಾ?"

"ನಾನು ಬಳಿದಿಲ್ಲ ಮಾರಾಯ."

"ಮಾಡೋದೂ ಮಾಡಿ ಸುಳ್ಳು ಬೇರೆ! ಇನ್ಮೇಲೆ ನನ್ನ ಸಾಮಾನು ಮುಟ್ಟಿದ್ರೆ ನೋಡು!"

ಸಿರಿಲ್ ಶಾಲೆಯಿಂದಲೂ ಜೊತೆಗಿದ್ದ ಗೆಳೆಯ. ಅವನ ಮುಖ ಸಪ್ಪಗಾಯಿತು. ಎಡ್ಗರ್‌ನ ಹೆಂಡತಿ ಡೊರೀನ್ ಟೀ ಹಂಚುವುದನ್ನು ಬಿಟ್ಟು ಬಂದು ಗಂಡನ ತೋಳು ಹಿಡಿದಳು.

"ಅವನನ್ನ ಬೈಬೇಡ," ಎಂದಳು ಮೆಲ್ಲಗೆ. "ಬಳಿದದ್ದು ನೀನೇ. ಹೋದ ಭಾನುವಾರ, ಅಡುಗೆಮನೆ ಮೇಜಿನ ಮೇಲೆ. ಈಗ ನಿಜವಾದ ರೈಲಿನ ಥರಾನೇ ಇದೆ ಅಲ್ವಾ ಅಂತ ನನಗೆ ತೋರಿಸ್ದೆ."

ಎಡ್ಗರ್ ಕೊಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಷ್ಟು ಕೆದಕಿದರೂ ಆ ಭಾನುವಾರ ನೆನಪಿಗೆ ಬರಲಿಲ್ಲ.

ಚಾಕುವಿನಿಂದ ಬಣ್ಣ ಕೆರೆದು ಕೊಂಡಿ ಸಿಕ್ಕಿಸಿದ. ಇಂಜಿನ್ ಎಲ್ಲೂ ನಿಲ್ಲದೆ ಪೂರ್ತಿ ಸುತ್ತು ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಅತ್ತ ನೋಡದೆ ಸಿರಿಲ್‌ನ ಬಳಿ ಹೋದ.

"ನಾನೇ ಬಳಿದದ್ದಂತೆ ಕಣೋ. ನನಗೆ ನೆನಪೇ ಇಲ್ಲ."

ಸಿರಿಲ್ ತನ್ನ ಟೀ ಲೋಟವನ್ನು ಅವನ ಕೈಗಿಟ್ಟ.

"ಮುಂದೆಂದಾದ್ರೂ ನಿನ್ನ ಹೀಗೆ ಬೈದ್ರೆ," ಎಂದ ಎಡ್ಗರ್, "ಬೇಜಾರು ಮಾಡ್ಕೊಳ್ಳೋ ಮೊದಲು ಡೊರೀನ್‌ನ ಕೇಳು."